ಹಿಂದಿರುಗುವ ಹೊಗೆಯ ದೋಷನಿದಾನ

ಪಣಂಬೂರಿನ ಬಂದರಿನಲ್ಲಿ ಸರಕು ತುಂಬಿಕೊಂಡ ಹಳೆಯ ಲಾರಿಯೊಂದು ಉಪ್ಪಿನಂಗಡಿಯವರೆಗೆ ಯಾವ ಆಕ್ಷೇಪಕ್ಕೂ ಎಡೆಗೊಡದೆ ಓಡಿಬಂದು, ಗುಂಡ್ಯವನ್ನು ದಾಟಿ ಶಿರಾಡಿ ಘಾಟಿಯ ಏರನ್ನು ಹಿಡಿದ ಕೂಡಲೆ ತನ್ನ ಎಳೆತವನ್ನೆಲ್ಲ ಕಳೆದುಕೊಂಡು, ಕಡುಗಪ್ಪು ಹೊಗೆಯನ್ನು ಕಾರುತ್ತ, ಒಂದರ ಮೇಲೊಂದು ಗೇರು ಇಳಿಸಿದರೂ ಮುನ್ನಡೆಯಲು ತಿಣುಕುವುದಾದರೆ, ಅದರ ಚಾಲಕನು ಸಕಲೇಶಪುರದ ಗ್ಯಾರೇಜಿನಲ್ಲಿ ಹೇಳುವ ಮಾತು ಒಂದೇ: ‘ಗಾಡಿಗೆ ಪಿಕಪ್ ಇಲ್ಲ.’ ಈ ಒಂದು ದೂರಿನ ಹಿಂದೆ ಹತ್ತಾರು ಕಾರಣಗಳು ಅಡಗಿರಬಹುದು. ಟರ್ಬೊ ಸವೆದಿರಬಹುದು, ನಾಜಲು ಸೋರುತ್ತಿರಬಹುದು, ಡೀಸೆಲ್ ಫಿಲ್ಟರು ಕಟ್ಟಿರಬಹುದು. ಇವನ್ನೆಲ್ಲ ಬಿಚ್ಚಿ ನೋಡಿ, ಕೆಲವನ್ನು ಬದಲಾಯಿಸಿ, ಮಾಲೀಕನ ಹಣವೂ ತಾಳ್ಮೆಯೂ ಮುಗಿದ ಅನಂತರ ಕೊಟ್ಟಕೊನೆಗೆ ಸಂದೇಹಕ್ಕೆ ಒಳಗಾಗುವ ಅಂಗವೊಂದುಂಟು. ಅದೇ ನಿಷ್ಕಾಸ ಅನಿಲವನ್ನು ಎಂಜಿನ್ನಿನೊಳಕ್ಕೆ ಮರಳಿ ಕಳುಹಿಸುವ ವ್ಯವಸ್ಥೆ, ಗ್ಯಾರೇಜಿನ ಮಾತಿನಲ್ಲಿ ಇಜಿಆರ್. ಈಚಿನ ವರ್ಷಗಳಲ್ಲಿ ಇದಕ್ಕೆ ತದ್ವಿರುದ್ಧವಾದ ಅಭ್ಯಾಸವೂ ಬೆಳೆದಿದೆ: ಲಾರಿಗೆ ಯಾವ ಕಾಯಿಲೆ ಬಂದರೂ ಮೊದಲು ಇಜಿಆರನ್ನು ತಗಡಿಟ್ಟು ಮುಚ್ಚಿಬಿಡುವುದು. ತಡವಾಗಿ ಸಂದೇಹಿಸುವುದೂ ವಿಚಾರಣೆಯಿಲ್ಲದೆ ಮುಚ್ಚುವುದೂ ಒಂದೇ ಅಜ್ಞಾನದ ಎರಡು ರೂಪಗಳೆಂಬುದು ನನ್ನ ದೃಢವಾದ ಅಭಿಪ್ರಾಯ.

ಉರಿದು ಹೊರಬಿದ್ದ ಹೊಗೆಯನ್ನು ಮತ್ತೆ ಒಳಕ್ಕೆ ಬಿಡುವುದು ಮೇಲ್ನೋಟಕ್ಕೆ ವಿಪರೀತವಾಗಿಯೇ ತೋರುತ್ತದೆ. ಆದರೆ ಅದರ ಹಿಂದಿನ ರಸಾಯನತತ್ತ್ವ ಸರಳವಾದದ್ದು. ನಾವು ಉಸಿರಾಡುವ ಗಾಳಿಯಲ್ಲಿ ಶೇಕಡಾ 78 ಪಾಲು ಸಾರಜನಕ, 21 ಪಾಲು ಆಮ್ಲಜನಕ. ಸಾಮಾನ್ಯ ಉಷ್ಣತೆಯಲ್ಲಿ ಒಂದನ್ನೊಂದು ಸೋಕದೆ ಉದಾಸೀನವಾಗಿರುವ ಈ ಎರಡು ಅನಿಲಗಳು, ಸಿಲಿಂಡರಿನೊಳಗಿನ ಜ್ವಾಲೆ ಸುಮಾರು 1,500 ಡಿಗ್ರಿ ಸೆಲ್ಸಿಯಸ್ಸನ್ನು ಮೀರಿದಾಗ ಅತಿವೇಗದಿಂದ ಕೂಡಿಕೊಂಡು ಸಾರಜನಕದ ಆಕ್ಸೈಡುಗಳಾಗುತ್ತವೆ. ಲಾಸ್ ಏಂಜಲೀಸ್ ನಗರದ ಮೇಲೆ ಕವಿಯುತ್ತಿದ್ದ ಕಂದುಬಣ್ಣದ ವಿಷಮಂಜಿನ ಮೂಲವನ್ನು 1950ರ ದಶಕದ ಆರಂಭದಲ್ಲಿ ಶೋಧಿಸಿದ ರಸಾಯನಜ್ಞ ಆರಿ ಹಾಗೆನ್-ಸ್ಮಿಟ್ ಅವರು, ಈ ಆಕ್ಸೈಡುಗಳೂ ಉರಿಯದೆ ಉಳಿದ ಇಂಧನದ ಆವಿಯೂ ಬಿಸಿಲಿನಲ್ಲಿ ಬೆರೆತು ಓಜೋನ್ ಆಗುವುದನ್ನು ತೋರಿಸಿಕೊಟ್ಟರು. ಉರಿದುಹೋದ ಅನಿಲದಲ್ಲಿ ಆಮ್ಲಜನಕ ಕಡಿಮೆ. ಅದರಲ್ಲಿರುವ ಇಂಗಾಲದ ಡೈಆಕ್ಸೈಡೂ ನೀರಾವಿಯೂ ಹೆಚ್ಚು ಶಾಖವನ್ನು ಹೀರಿಕೊಳ್ಳಬಲ್ಲವು. ಆದಕಾರಣ ಅದರ ಒಂದಂಶವನ್ನು ಒಳಬರುವ ಗಾಳಿಯೊಡನೆ ಬೆರಸಿದರೆ ಜ್ವಾಲೆಯ ಪರಮೋಷ್ಣತೆ ತಗ್ಗಿ, ವಿಷಾನಿಲದ ಉತ್ಪತ್ತಿ ಮೂಲದಲ್ಲಿಯೇ ಕುಗ್ಗುತ್ತದೆ. 1970ರ ದಶಕದ ಆರಂಭದಲ್ಲಿ ಅಮೆರಿಕದ ಪೆಟ್ರೋಲ್ ಕಾರುಗಳನ್ನು ಹೊಕ್ಕ ಈ ಉಪಾಯ ಕಾಲಕ್ರಮದಲ್ಲಿ ಡೀಸೆಲ್ ಲಾರಿಗಳಿಗೂ ಬಂದಿತು.

ನಮ್ಮಲ್ಲಿ ಇದು ವ್ಯಾಪಕವಾದದ್ದು ಭಾರತ್ ಸ್ಟೇಜ್ ನಿಯಮಗಳ ಒತ್ತಾಯದಿಂದ. ಭಾರಿ ಡೀಸೆಲ್ ಎಂಜಿನ್ನು ಒಂದು ಕಿಲೋವಾಟ್-ಗಂಟೆಯ ಕೆಲಸಕ್ಕೆ ಹೊರಬಿಡಬಹುದಾದ ಸಾರಜನಕದ ಆಕ್ಸೈಡಿನ ಮಿತಿ ಮೂರನೆಯ ಹಂತದಲ್ಲಿ 5 ಗ್ರಾಂ ಇದ್ದದ್ದು ನಾಲ್ಕನೆಯ ಹಂತದಲ್ಲಿ 3.5 ಗ್ರಾಮಿಗೆ ಇಳಿಯಿತು. ಬೆಂಗಳೂರು ಸೇರಿದಂತೆ 13 ನಗರಗಳಿಗೆ 2010ರಲ್ಲಿ ಬಂದ ನಾಲ್ಕನೆಯ ಹಂತ 2017ರ ಏಪ್ರಿಲ್ 1ರಿಂದ ಇಡೀ ದೇಶಕ್ಕೆ ಅನ್ವಯವಾಯಿತು. ಈ ಮಿತಿಯನ್ನು ಮುಟ್ಟಲು ತಯಾರಕರ ಮುಂದೆ ಎರಡು ದಾರಿಗಳಿದ್ದುವು: ಸೈಲೆನ್ಸರಿನ ದಾರಿಯಲ್ಲಿ ಯೂರಿಯಾ ದ್ರಾವಣವನ್ನು ಸಿಂಪಡಿಸಿ ವಿಷವನ್ನು ನಿವಾರಿಸುವುದು ಒಂದು, ಹೊಗೆಯನ್ನು ತಂಪುಮಾಡಿ ಹಿಂದಿರುಗಿಸಿ ವಿಷ ಹುಟ್ಟದಂತೆಯೇ ತಡೆಯುವುದು ಇನ್ನೊಂದು. ಎರಡನೆಯ ದಾರಿಯನ್ನು ಹಿಡಿದ ಸಹಸ್ರಾರು ಗಾಡಿಗಳು ಇಂದು ಹಳೆಯವಾಗಿ, ಎರಡನೆಯ ಮೂರನೆಯ ಮಾಲೀಕರ ಕೈಸೇರಿ, ಎಪಿಎಂಸಿ ಅಂಗಳಗಳಲ್ಲಿಯೂ ಗಣಿಧೂಳಿನ ಹಾದಿಗಳಲ್ಲಿಯೂ ದುಡಿಯುತ್ತಿವೆ. ಇವುಗಳ ಕಾಯಿಲೆಯೇ ಈ ಬರೆಹದ ವಿಷಯ.

ಇಜಿಆರ್ ವಾಲ್ವಿನ ದೋಷವೆಂದು ಒಂದೇ ಉಸಿರಿನಲ್ಲಿ ಹೇಳಿಬಿಡುವುದು ರೂಢಿಯಾದರೂ, ಪರಿಶೀಲಿಸಿ ನೋಡಿದರೆ ಅಲ್ಲಿರುವುದು ಪರಸ್ಪರ ವಿರುದ್ಧವಾದ ಬೇರೆ ಬೇರೆ ದೋಷಗಳು. ಹೊಗೆ ಹೋಗಬಾರದ ಸಮಯದಲ್ಲಿ ಹೋಗುತ್ತಿರಬಹುದು. ಹೋಗಬೇಕಾದ ಸಮಯದಲ್ಲಿ ಹೋಗದಿರಬಹುದು. ಅಥವಾ ಯಥೋಚಿತವಾಗಿ ಹೋಗುತ್ತಿದ್ದರೂ ಹಾಗಿಲ್ಲವೆಂದು ಸೆನ್ಸರು ಸುಳ್ಳುವರದಿ ಕೊಡುತ್ತಿರಬಹುದು. ಡ್ಯಾಶ್‌ಬೋರ್ಡಿನ ಮೇಲೆ ಹೊತ್ತಿಕೊಳ್ಳುವ ದೀಪ ಮಾತ್ರ ಈ ಮೂರಕ್ಕೂ ಒಂದೇ. ಇವುಗಳಲ್ಲಿ ಯಾವುದೆಂದು ನಿರ್ಣಯವಾಗುವವರೆಗೆ ಸ್ಪ್ಯಾನರನ್ನು ಕೈಗೆತ್ತಿಕೊಳ್ಳಬಾರದು.

ಮೊದಲನೆಯ ದೋಷವನ್ನು ಅರಿಯಬೇಕಾದರೆ, ಸ್ವಸ್ಥವಾದ ವಾಲ್ವು ಯಾವಾಗ ತೆರೆದಿರುತ್ತದೆ ಎಂಬುದನ್ನು ನೆನಪಿನಲ್ಲಿಟ್ಟುಕೊಂಡಿರಬೇಕು. ಹಗುರವಾದ ಹೊರೆಯಲ್ಲಿ, ಸಮಚಿತ್ತದ ಓಟದಲ್ಲಿ, ಡೀಸೆಲ್ ಎಂಜಿನ್ನಿಗೆ ಬೇಕಾದುದಕ್ಕಿಂತ ಬಹಳ ಹೆಚ್ಚಿನ ಗಾಳಿ ದೊರೆಯುವುದರಿಂದ, ಆಗ ಹೊಗೆಗೆ ಎಡೆಗೊಟ್ಟರೆ ನಷ್ಟವಿಲ್ಲ. ಆದರೆ ಆಕ್ಸಿಲರೇಟರನ್ನು ಪೂರ್ತಿ ಒತ್ತಿ ಘಾಟಿಯನ್ನೇರುವಾಗ ಪ್ರತಿಯೊಂದು ಬೊಗಸೆ ಗಾಳಿಯೂ ಅಮೂಲ್ಯವಾದದ್ದು. ಈ ಹಳೆಯ ವ್ಯವಸ್ಥೆಗಳಲ್ಲಿ ವಾಲ್ವು ಆಗ ಮುಚ್ಚಿಕೊಳ್ಳಲೇಬೇಕು. ಮಸಿ ಕಟ್ಟಿ ಅದು ಅರೆತೆರೆದು ನಿಂತುಬಿಟ್ಟರೆ, ಶುದ್ಧವಾಯುವಿನ ಸ್ಥಾನವನ್ನು ಹೊಗೆ ಆಕ್ರಮಿಸುತ್ತದೆ. ಟರ್ಬೊವನ್ನು ತಿರುಗಿಸಬೇಕಾಗಿದ್ದ ಅನಿಲದ ಒಂದು ಪಾಲು ಅಡ್ಡದಾರಿ ಹಿಡಿದುದರಿಂದ ಟರ್ಬೊದ ಒತ್ತಡವೂ ಇಳಿಯುತ್ತದೆ. ಗಾಳಿ ಸಾಲದೆ ಡೀಸೆಲ್ ಅರೆಬರೆ ಉರಿದು ಕಪ್ಪುಹೊಗೆ ಏಳುತ್ತದೆ. ಆ ಹೊಗೆಯ ಮಸಿ ಮತ್ತೆ ಅದೇ ವಾಲ್ವಿನ ಮೇಲೆ ಕೂತು ಅದನ್ನು ಇನ್ನಷ್ಟು ಬಿಗಿಯುತ್ತದೆ. ಬಯಲಿನಲ್ಲಿ ಗೊತ್ತಾಗದೆ ಏರಿನಲ್ಲಿ ಮಾತ್ರ ಎಳೆತ ತಪ್ಪುವುದು, ಖಾಲಿ ಗಾಡಿ ನಿಂತಲ್ಲಿ ನಡುಗುವುದು, ಮೈಲೇಜು ದಿನೇ ದಿನೇ ಇಳಿಯುವುದು ಈ ದೋಷದ ಲಕ್ಷಣಗಳು.

ಎರಡನೆಯ ದೋಷ ಸ್ವಭಾವತಃ ಮೌನವಾದದ್ದು. ವಾಲ್ವು ಮುಚ್ಚಿಯೇ ನಿಂತರೆ ಡೀಸೆಲ್ ಚಾಲಕನಿಗೆ ಯಾವ ತೊಂದರೆಯೂ ಕಾಣಿಸುವುದಿಲ್ಲ. ಎಂಜಿನ್ನಿನ ಬಡಿತ ಕೊಂಚ ಗಡಸಾದೀತು, ಅಷ್ಟೆ. ಪೆಟ್ರೋಲ್ ಗಾಡಿಯಾದರೆ ಏರಿನಲ್ಲಿ ಟಣಟಣ ಸದ್ದು ಮಾಡಿ ತನ್ನ ವ್ಯಥೆಯನ್ನು ತಾನೇ ತಿಳಿಸುತ್ತದೆ; ಡೀಸೆಲ್ ಲಾರಿ ತನಗಾದ ದೋಷದ ಫಲವನ್ನು ತಾನು ಅನುಭವಿಸದೆ ರಸ್ತೆಯ ಇಕ್ಕೆಲಗಳ ಮನೆಗಳಿಗೆ ಹಂಚಿಬಿಡುತ್ತದೆ. ಎಳೆತವೇ ಆರೋಗ್ಯದ ಪ್ರಮಾಣವೆಂದು ನಂಬಿದ ಚಾಲಕನೂ ಮೆಕ್ಯಾನಿಕ್ಕೂ ಇಜಿಆರ್ ದೋಷಗಳಲ್ಲಿ ಅರ್ಧವನ್ನು ಎಂದಿಗೂ ಕಾಣಲಾರರು.

ಹಾಗಾದರೆ ಪರೀಕ್ಷೆಯನ್ನು ಎಲ್ಲಿಂದ ಆರಂಭಿಸಬೇಕು? ಚಾಲಕನ ಬಾಯಿಂದ, ಎಂದು ನಾನು ಹೇಳುವೆನು. ದೋಷ ಕಾಣುವುದು ಏರಿನಲ್ಲೋ ಸಮತಲದಲ್ಲೋ, ಬೆಳಗಿನ ತಣ್ಣನೆಯ ಎಂಜಿನ್ನಿನಲ್ಲೋ ಕಾದಮೇಲೋ, ರೇಡಿಯೇಟರಿಗೆ ನೀರು ಹಾಕಬೇಕಾಗುತ್ತಿದೆಯೋ, ಹೊಗೆಯ ಬಣ್ಣ ಯಾವುದು, ಲೋಡಿಗಾಗಿ ಸರದಿಯಲ್ಲಿ ನಿಂತಾಗ ಎಂಜಿನ್ನನ್ನು ಗಂಟೆಗಟ್ಟಲೆ ಹಾಗೆಯೇ ಓಡಿಸುವ ಪದ್ಧತಿಯುಂಟೋ: ಈ ಪ್ರಶ್ನೆಗಳಿಗೆ ಸಾವಧಾನವಾಗಿ ಉತ್ತರ ಪಡೆದ ಮೆಕ್ಯಾನಿಕ್ಕಿಗೆ ಅರ್ಧದಾರಿ ಸವೆದಂತೆಯೇ. ತರುವಾಯ ಸ್ಕ್ಯಾನರು. ಪಿ0401 ಎಂದರೆ ಹೊಗೆಯ ಹರಿವು ಸಾಲದು. ಪಿ0402 ಎಂದರೆ ಅತಿಯಾಗಿದೆ. ಪಿ0403 ವಿದ್ಯುತ್ ಮಂಡಲದ ದೋಷ. ಪಿ0405, ಪಿ0406 ಸೆನ್ಸರಿನ ಸಂಕೇತ ಅತಿ ತಗ್ಗಾಗಿದೆ ಅಥವಾ ಅತಿ ಹೆಚ್ಚಾಗಿದೆ. ಈ ಸಂಖ್ಯೆಗಳು ಏನು ನಡೆಯುತ್ತಿದೆ ಎಂದು ಹೇಳುತ್ತವೆಯೇ ಹೊರತು ಯಾರಿಂದ ನಡೆಯುತ್ತಿದೆ ಎಂದಲ್ಲ. ಪಿ0401 ಕಂಡೊಡನೆ ಹೊಸ ವಾಲ್ವನ್ನು ತರಿಸುವವನು ಈ ಭೇದವನ್ನು ಮರೆತವನು.

ಇದನ್ನು ಒಂದು ದೃಷ್ಟಾಂತದಿಂದ ವಿಶದಪಡಿಸಬಹುದು. ಒಳಬರುವ ಗಾಳಿಯನ್ನು ಅಳೆಯುವ ಮಾಪಕವುಳ್ಳ ಗಾಡಿಗಳಲ್ಲಿ ಕಂಪ್ಯೂಟರು ಹೊಗೆಯನ್ನು ನೇರವಾಗಿ ಅಳೆಯುವುದಿಲ್ಲ. ವಾಲ್ವು ತೆರೆದಾಗ ಹೊಸ ಗಾಳಿ ಎಷ್ಟು ಕಡಿಮೆಯಾಯಿತು ಎಂಬುದರಿಂದ ಹೊಗೆಯ ಪ್ರಮಾಣವನ್ನು ಊಹಿಸುತ್ತದೆ. ಆ ಮಾಪಕದ ಸೂಕ್ಷ್ಮತಂತಿಯ ಮೇಲೆ ಧೂಳು ಕೂತು ಅದು ಗಾಳಿಯನ್ನು ಕಡಿಮೆಯೆಂದು ತೋರಿಸತೊಡಗಿದರೆ, ಹೊಗೆ ಅತಿಯಾಗಿದೆಯೆಂದು ಕಂಪ್ಯೂಟರು ಭ್ರಮಿಸುತ್ತದೆ. ಮಾಪಕಕ್ಕೂ ಎಂಜಿನ್ನಿಗೂ ನಡುವಿನ ಇಂಟರ್‌ಕೂಲರಿನ ಹೋಸು ಬಿರಿದು ಗಾಳಿ ಸೋರಿದರೆ, ಅಳತೆಯಾದ ಗಾಳಿ ಎಂಜಿನ್ನನ್ನು ಮುಟ್ಟದೆಯೇ ಹೋಗಿ, ಹೊಗೆ ಸಾಲದೆಂಬ ವರದಿ ಹುಟ್ಟಬಹುದು. ಮೇಲೆ ಹೇಳಿದ ಮೂರನೆಯ ದೋಷ ಇಂಥದ್ದು: ಎರಡು ಪ್ರಸಂಗಗಳಲ್ಲಿಯೂ ವಾಲ್ವು ನಿರಪರಾಧಿ. ಸಂಡೂರು ಬಳ್ಳಾರಿಗಳ ಅದಿರಿನ ರಸ್ತೆಯಲ್ಲಿ ಓಡುವ ಗಾಡಿಗೆ ಏರ್‌ಫಿಲ್ಟರನ್ನೂ ಮಾಪಕವನ್ನೂ ಮೊದಲು ನೋಡದೆ ಇಜಿಆರನ್ನು ಮುಟ್ಟುವುದು ವ್ಯರ್ಥಶ್ರಮ. ಇನ್ನೊಂದು ಅಂಗ ಇದಕ್ಕಿಂತಲೂ ಹೆಚ್ಚಾಗಿ ಕಣ್ಣುತಪ್ಪಿಸಿಕೊಳ್ಳುವುದುಂಟು: ಎಕ್ಸಾಸ್ಟ್ ಬ್ರೇಕಿನ ತಟ್ಟೆ. ಇಳಿಜಾರಿನಲ್ಲಿ ಹೊಗೆಯ ದಾರಿಯನ್ನು ಮುಚ್ಚಿ ಗಾಡಿಯನ್ನು ತಡೆಯಬೇಕಾದ ಈ ತಟ್ಟೆ ತುಕ್ಕುಹಿಡಿದು ಅರೆಮುಚ್ಚಿ ನಿಂತರೆ, ಹಿಂದೊತ್ತಡ ಏರಿ, ತೆರೆದ ವಾಲ್ವಿನ ಮೂಲಕ ಬೇಕಾದುದಕ್ಕಿಂತ ಹೆಚ್ಚು ಹೊಗೆ ಒಳನುಗ್ಗುತ್ತದೆ, ಎಳೆತವೂ ತಪ್ಪುತ್ತದೆ. ಲಕ್ಷಣವೆಲ್ಲ ಇಜಿಆರಿನದು, ರೋಗ ಬೇರೆಡೆಯದು.

ನಿರ್ವಾತದಿಂದ ಚಲಿಸುವ ಹಳೆಯ ವಾಲ್ವುಗಳಲ್ಲಿ ಕೆಲಸ ಸುಲಭ. ಹೋಸನ್ನು ಕಳಚಿ ಕೈಪಂಪಿನಿಂದ ನಿರ್ವಾತವನ್ನು ಕೊಟ್ಟರೆ ಒಳಗಿನ ದಂಡ ಮೇಲೇಳುವುದು ಕಾಣಬೇಕು. ಪಂಪಿನ ಮೀಟರಿನ ಸೂಜಿ ಅರ್ಧ ನಿಮಿಷವಾದರೂ ಕದಲದೆ ನಿಂತರೆ ಡಯಾಫ್ರಾಮು ಸರಿಯಿದೆ. ಎಂಜಿನ್ನು ಮೆಲ್ಲನೆ ಓಡುತ್ತಿರುವಾಗ ಹೀಗೆ ತೆರೆದೊಡನೆ ಅದರ ಧ್ವನಿ ಬದಲಾದರೆ ಹೊಗೆಯ ದಾರಿಯೂ ತೆರೆದಿದೆ ಎಂದರ್ಥ. ದಂಡ ಮೇಲೆದ್ದರೂ ಧ್ವನಿ ಬದಲಾಗದಿದ್ದರೆ ಕೊಳವೆಯೋ ಹೊಗೆಯನ್ನು ತಂಪುಮಾಡುವ ಕೂಲರೋ ಮಸಿಯಿಂದ ಮುಚ್ಚಿಹೋಗಿದೆ. ಕೈಪಂಪಿಗೆ ಓಗೊಟ್ಟ ವಾಲ್ವು ಗಾಡಿಯ ನಿರ್ವಾತಕ್ಕೆ ಓಗೊಡದಿದ್ದರೆ, ಶಾಖದಲ್ಲಿ ಬೆಂದು ಬಿರುಕುಬಿಟ್ಟ ಚಿಕ್ಕದೊಂದು ರಬ್ಬರು ಹೋಸಿನಲ್ಲಿಯೋ ಸೊಲೆನಾಯ್ಡಿನಲ್ಲಿಯೋ ತಪ್ಪನ್ನು ಹುಡುಕಬೇಕು. ವಿದ್ಯುಚ್ಚಾಲಿತ ವಾಲ್ವಿಗಾದರೆ ಸ್ಕ್ಯಾನರಿನಿಂದಲೇ ಆಜ್ಞೆಯಿತ್ತು ತೆರೆದು ಮುಚ್ಚಿಸಿ, ಸ್ಥಾನದರ್ಶಕ ಸೆನ್ಸರಿನ ವೋಲ್ಟೇಜು ಜಿಗಿಯದೆ ಕ್ರಮವಾಗಿ ಏರಿಳಿಯುವುದನ್ನು ಗಮನಿಸಬೇಕು. ಸೆನ್ಸರಿಗೆ 5 ವೋಲ್ಟು ತಲಪುತ್ತಿದೆಯೇ, ತಂತಿ ಚಾಸಿಗೆ ಉಜ್ಜಿ ಸವೆದಿದೆಯೇ ಎಂಬುದನ್ನು ಮೀಟರಿನಿಂದ ನೋಡಬೇಕು.

ಇವೆಲ್ಲಕ್ಕಿಂತ ಕಠಿನವೂ ಅಪಾಯಕರವೂ ಆದದ್ದು ಕೂಲರಿನ ದೋಷ. ಐದಾರು ನೂರು ಡಿಗ್ರಿ ಕಾದ ಹೊಗೆ ಒಂದು ಪಕ್ಕದಲ್ಲಿ, ರೇಡಿಯೇಟರಿನ ನೀರು ಇನ್ನೊಂದು ಪಕ್ಕದಲ್ಲಿ, ನಡುವೆ ತೆಳುವಾದ ಉಕ್ಕಿನ ಕೊಳವೆಗಳು: ಇಂತಹ ರಚನೆ ದೀರ್ಘಾಯುವಾಗಬೇಕಾದರೆ ನೀರು ನಿರ್ಮಲವಾಗಿರಬೇಕು. ನಮ್ಮ ಬಯಲುಸೀಮೆಯ ಹಳೆಯ ಲಾರಿಗಳಲ್ಲಿ ಕೂಲೆಂಟು ಇರಬೇಕಾದೆಡೆ ಕೊಳವೆಬಾವಿಯ ಗಡಸುನೀರು ಇರುವುದು ಸರ್ವಸಾಮಾನ್ಯ. ದಾರಿಯ ಢಾಬಾದಲ್ಲಿ ತುಂಬಿಸಿಕೊಂಡ ಆ ನೀರಿನ ಸುಣ್ಣದಂಶ ಕೂಲರಿನ ಇಕ್ಕಟ್ಟಾದ ದಾರಿಗಳಲ್ಲಿ ಗಾರೆಗಟ್ಟಿ, ನೀರು ಹರಿಯದೆಡೆಯಲ್ಲಿ ಲೋಹ ಅತಿಯಾಗಿ ಕಾದು, ಕಾದುದು ಆರಿ, ಮತ್ತೆ ಕಾದು, ಕಡೆಗೆ ಬಿರಿಯುತ್ತದೆ. ಒಳಗಿನಿಂದಲೂ ಶತ್ರುವುಂಟು: ಡೀಸೆಲ್ಲಿನ ಗಂಧಕ ಉರಿದು ನೀರಾವಿಯೊಡನೆ ಆಮ್ಲವಾಗಿ ಕೊಳವೆಯನ್ನು ಕೊರೆಯುತ್ತದೆ. ಮೂರನೆಯ ಹಂತದ ಡೀಸೆಲ್ಲಿನಲ್ಲಿ ಹತ್ತುಲಕ್ಷ ಪಾಲಿಗೆ 350 ಪಾಲಿನವರೆಗೂ ಇರಬಹುದಾಗಿದ್ದ ಗಂಧಕ ನಾಲ್ಕನೆಯ ಹಂತದಲ್ಲಿ 50ಕ್ಕೆ ಇಳಿದು, 2020ರ ಏಪ್ರಿಲಿನಿಂದ 10ಕ್ಕೆ ಇಳಿದಿರುವುದು ಹಳೆಯ ಲಾರಿಗಳ ಪಾಲಿಗೂ ಒಂದು ಸೌಭಾಗ್ಯ.

ಬಿರಿದ ಕೂಲರಿನ ಲಾರಿ, ಚಾಲಕರ ಮಾತಿನಲ್ಲಿ, ‘ನೀರು ಕುಡಿಯುತ್ತದೆ’. ಹೊರಗೆಲ್ಲೂ ಸೋರಿಕೆಯಿಲ್ಲ, ಆದರೂ ರೇಡಿಯೇಟರು ಬರಿದಾಗುತ್ತದೆ. ಕೂಲೆಂಟು ಹಾಕಿದ ಗಾಡಿಯಾದರೆ ಸೈಲೆನ್ಸರಿನಿಂದ ಸಿಹಿವಾಸನೆಯ ಬಿಳಿಹೊಗೆ ಬಂದು ಸುಳಿವು ಕೊಡುತ್ತದೆ. ಬರಿಯ ನೀರಾದರೆ ಆ ಸುಳಿವೂ ಇಲ್ಲ. ಓಟದಲ್ಲಿ ಹೊಗೆಯ ಒತ್ತಡ ನೀರಿಗಿಂತ ಹೆಚ್ಚಾದರೆ ಅನಿಲವೇ ರೇಡಿಯೇಟರಿಗೆ ನುಗ್ಗಿ ಗುಳ್ಳೆಗಳೇಳುತ್ತವೆ. ಗುಳ್ಳೆಯನ್ನು ಕಂಡ ಮೆಕ್ಯಾನಿಕ್ಕು ಹೆಡ್ ಗ್ಯಾಸ್ಕೆಟ್ ಹೋಯಿತೆಂದು ತೀರ್ಮಾನಿಸಿ ಹೆಡ್ಡನ್ನೇ ಇಳಿಸಿಬಿಡುತ್ತಾನೆ. ಮಾಲೀಕನಿಗೆ ಅತ್ಯಧಿಕ ನಷ್ಟವನ್ನು ತರುವ ತಪ್ಪುನಿದಾನ ಇದೇ. ಇದನ್ನು ತಪ್ಪಿಸುವ ಉಪಾಯ ಮಾತ್ರ ಅಲ್ಪವೆಚ್ಚದ್ದು: ಕೂಲರಿಗೆ ಹೋಗುವ ನೀರಿನ ಎರಡು ಹೋಸುಗಳನ್ನು ಕಳಚಿ ಒಂದಕ್ಕೊಂದು ಜೋಡಿಸಿ, ಕೂಲರಿನ ಹೊಗೆಯ ದಾರಿಯನ್ನು ತತ್ಕಾಲಕ್ಕೆ ಮುಚ್ಚಿ, ಎಂಜಿನ್ನನ್ನು ಕೊಂಚ ಹೊತ್ತು ಓಡಿಸಿ ನೋಡುವುದು. ಗುಳ್ಳೆ ನಿಂತರೆ ದೋಷ ಕೂಲರಿನದು, ನಿಲ್ಲದಿದ್ದರೆ ಗ್ಯಾಸ್ಕೆಟ್ಟಿನದೋ ಹೆಡ್ಡಿನದೋ. ಕಳಚಿದ ಕೂಲರನ್ನು ಗಾಳಿಯ ಒತ್ತಡ ಕೊಟ್ಟು ನೀರಿನಲ್ಲಿ ಮುಳುಗಿಸಿ ಪರೀಕ್ಷಿಸುವಾಗ ನೀರು ಬಿಸಿಯಾಗಿರಬೇಕು. ಕೆಲವು ಬಿರುಕುಗಳು ತಣ್ಣಗಿರುವಾಗ ಮುಚ್ಚಿಕೊಂಡು, ಲೋಹ ಹಿಗ್ಗಿದಾಗ ಮಾತ್ರ ಬಾಯ್ದೆರೆಯುತ್ತವೆ. ಮಸಿತುಂಬಿದ ಕೊಳವೆಗಳ ನಡುವೆ ಎಲ್ಲಿಯಾದರೂ ತೊಳೆದಂತೆ ಶುಭ್ರವಾದ ಗೆರೆಯೊಂದು ಕಂಡರೆ ನೀರು ಹರಿದ ಜಾಗ ಅದೇ. ಈ ದೋಷವನ್ನು ಮುಂದೂಡುವಂತಿಲ್ಲ. ರಾತ್ರಿ ನಿಂತ ಗಾಡಿಯಲ್ಲಿ ನೀರು ಜಿನುಗಿ ಸಿಲಿಂಡರಿನಲ್ಲಿ ಸಂಗ್ರಹವಾದರೆ, ಬೆಳಗ್ಗೆ ಸ್ಟಾರ್ಟು ಮಾಡಿದ ಕ್ಷಣದಲ್ಲಿ, ಒತ್ತಿದರೂ ಕುಗ್ಗದ ಆ ನೀರಿಗೆ ಪಿಸ್ಟನ್ನು ಅಪ್ಪಳಿಸಿ ಕನೆಕ್ಟಿಂಗ್ ರಾಡು ಬಾಗಿಹೋಗುತ್ತದೆ.

ಇನ್ನು ತಗಡಿನ ವಿಚಾರ. ಗ್ಯಾಸ್ಕೆಟ್ಟಿನ ಜಾಗದಲ್ಲಿ ಡಮ್ಮಿ ಪ್ಲೇಟನ್ನಿಟ್ಟು ಹೊಗೆಯ ದಾರಿಯನ್ನು ಮುಚ್ಚುವುದು ಪರೀಕ್ಷೆಯ ಸಾಧನವಾಗಿ ಸರ್ವಥಾ ಯೋಗ್ಯವಾದದ್ದು. ಭಾರ ಹೊತ್ತ ಗಾಡಿಯನ್ನು ಹಾಗೆ ಮುಚ್ಚಿ ಒಂದು ಏರನ್ನು ಹತ್ತಿಸಿದಾಗ ಎಳೆತ ಮರಳಿ ಕಪ್ಪುಹೊಗೆ ನಿಂತರೆ, ಮುಚ್ಚಬೇಕಾದಾಗ ವಾಲ್ವು ಮುಚ್ಚುತ್ತಿಲ್ಲವೆಂಬುದು ಸಿದ್ಧವಾಯಿತು. ನಿಲ್ಲದಿದ್ದರೆ ಇಜಿಆರನ್ನು ಬಿಟ್ಟು ಟರ್ಬೊ, ನಾಜಲುಗಳ ಕಡೆ ತಿರುಗಬೇಕೆಂಬುದು ಸಿದ್ಧವಾಯಿತು. ಅಷ್ಟು ತಿಳಿದಮೇಲೆ ತಗಡನ್ನು ತೆಗೆಯಬೇಕು. ತೆಗೆಯದೆ ವರ್ಷಗಟ್ಟಲೆ ಹಾಗೆಯೇ ಓಡಿಸುವ ರೂಢಿಯ ಬಗ್ಗೆ ನನಗೆ ತೀವ್ರವಾದ ಆಕ್ಷೇಪವಿದೆ. ಅದರಿಂದ ಚಾಲಕನಿಗೆ ಸುಖ, ಮಾಲೀಕನಿಗೆ ಉಳಿತಾಯ, ನಿಜ. ಹೊಗೆ ತಪಾಸಣೆಯಲ್ಲಿಯೂ ಆ ಗಾಡಿ ಸಲೀಸಾಗಿ ತೇರ್ಗಡೆಯಾಗುತ್ತದೆ; ಏಕೆಂದರೆ ನಮ್ಮ ಡೀಸೆಲ್ ಗಾಡಿಗಳ ಪಿಯುಸಿ ಪರೀಕ್ಷೆಯಲ್ಲಿ ಆಕ್ಸಿಲರೇಟರನ್ನು ಒತ್ತಿ ಹೊಗೆಯ ಸಾಂದ್ರತೆಯನ್ನಷ್ಟೇ ಅಳೆಯುತ್ತಾರೆ, ಸಾರಜನಕದ ಆಕ್ಸೈಡನ್ನು ಅಳೆಯುವುದೇ ಇಲ್ಲ. ಕಣ್ಣಿಗೆ ಕಾಣುವ ಮಸಿ ಕಡಿಮೆಯಾಗಿ ಕಣ್ಣಿಗೆ ಕಾಣದ ವಿಷ ಹೆಚ್ಚಿದ ಗಾಡಿಗೆ ಹೀಗೆ ನೈರ್ಮಲ್ಯದ ಪ್ರಮಾಣಪತ್ರ ದೊರೆಯುತ್ತದೆ. ವಾಯುಮಾಲಿನ್ಯದ ಮಾನಕಗಳನ್ನು ಉಲ್ಲಂಘಿಸಿ ಗಾಡಿ ಓಡಿಸುವವರಿಗೆ ಮೋಟಾರು ವಾಹನಗಳ ಕಾಯಿದೆಯ 190ನೆಯ ಕಲಮು ದಂಡವನ್ನು ವಿಧಿಸುತ್ತದೆ. ಅಳೆಯದ ವಿಷವನ್ನು ಆ ಕಲಮು ಹಿಡಿಯುವ ಬಗೆ ಹೇಗೆ? ಪೀಣ್ಯದಿಂದ ನೆಲಮಂಗಲದವರೆಗೆ ಹೆದ್ದಾರಿಗೆ ಅಂಟಿಕೊಂಡ ಮನೆಗಳಲ್ಲಿ ಮಲಗುವ ಮಕ್ಕಳ ಶ್ವಾಸಕೋಶಗಳನ್ನು ನೆನೆದರೆ, ಪರೀಕ್ಷೆಯ ಈ ನ್ಯೂನತೆಯನ್ನು ಸರಿಪಡಿಸುವುದು ತುರ್ತಿನ ಕೆಲಸವೆಂದೇ ನಾನು ತಿಳಿದಿದ್ದೇನೆ.

ಮೆಕ್ಯಾನಿಕ್ಕುಗಳನ್ನು ದೂಷಿಸುವುದು ನನ್ನ ಉದ್ದೇಶವಲ್ಲ. ಮುಚ್ಚಿದರೆ ಮುಗಿಯಿತೆಂಬ ನಿಲುವಿಗೆ ಅವರು ಬಂದದ್ದು, ಬಹುಮಟ್ಟಿಗೆ, ತೊಳೆದ ವಾಲ್ವೂ ಹೊಸ ವಾಲ್ವೂ ಬೇಗನೆ ಮತ್ತೆ ಕಟ್ಟಿಕೊಳ್ಳುವುದನ್ನು ಕಂಡುದರಿಂದ. ಹಾಗೆ ಕಟ್ಟಿಕೊಳ್ಳಲು ಕಾರಣ ವಾಲ್ವಿನ ಆಚೆಗಿದೆ. ಒಣಮಸಿ ಒಂದೇ ಆದರೆ ಬಹುಮಟ್ಟಿಗೆ ಗಾಳಿಯೊಡನೆ ಸಾಗಿಹೋಗುತ್ತದೆ. ಅದಕ್ಕೆ ಎಣ್ಣೆ ಬೆರೆತಾಗ ಎತ್ತಿನಗಾಡಿಯ ಅಚ್ಚಿಗೆ ಬಳಿಯುವ ಕೀಲೆಣ್ಣೆಯ ಹದಕ್ಕೆ ಬಂದು ಅಂಟಿಕೊಳ್ಳುತ್ತದೆ. ಆ ಎಣ್ಣೆ ಬರುವುದು ಟರ್ಬೊದ ಸವೆದ ಸೀಲಿನಿಂದ ಅಥವಾ ಎಂಜಿನ್ನಿನ ಬ್ರೀದರ್ ಕೊಳವೆಯಿಂದ. ಮಸಿ ಅತಿಯಾಗುವುದು ತೊಟ್ಟಿಕ್ಕುವ ನಾಜಲಿನಿಂದ, ಇಲ್ಲವೆ ತಣ್ಣನೆಯ ಎಂಜಿನ್ನನ್ನು ದೀರ್ಘಕಾಲ ನಿಂತಲ್ಲಿಯೇ ಓಡಿಸುವುದರಿಂದ. ಇಂಟರ್‌ಕೂಲರಿನ ಹೋಸನ್ನು ಕಳಚಿ ಒಳಗೆ ಬೆರಳಾಡಿಸಿದರೆ ಎಣ್ಣೆ ಎಷ್ಟು ಬರುತ್ತಿದೆ ಎಂಬುದು ತಿಳಿಯುತ್ತದೆ. ಈ ಮೂಲವನ್ನು ಸರಿಪಡಿಸದೆ ಹಾಕಿದ ಹೊಸ ವಾಲ್ವು ಹಳೆಯದರ ಗತಿಯನ್ನೇ ಕಾಣುವುದರಲ್ಲಿ ಆಶ್ಚರ್ಯವೇನಿದೆ?

ತೊಳೆಯುವ ಕ್ರಮದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಕಾರ್ಬೊರೇಟರ್ ಕ್ಲೀನರಿನಲ್ಲಿ ಮಸಿಯನ್ನು ನೆನೆಸಿ ಮೃದುವಾದ ಬ್ರಶ್ಶಿನಿಂದ ತೆಗೆಯಬೇಕು. ಮೋಟಾರೂ ಸೆನ್ಸರೂ ಇರುವ ಭಾಗವನ್ನು ಆ ದ್ರವದಲ್ಲಿ ಮುಳುಗಿಸಬಾರದು. ವಾಲ್ವು ಕೂರುವ ಸೀಟಿನ ಅಂಚನ್ನು ಸ್ಕ್ರೂಡ್ರೈವರಿನಿಂದ ಕೆರೆದರೆ ಅದು ಇನ್ನೆಂದಿಗೂ ಬಿಗಿಯಾಗಿ ಮುಚ್ಚುವುದಿಲ್ಲ. ಹಳೆಯ ಗ್ಯಾಸ್ಕೆಟ್ಟನ್ನು ಮರಳಿ ಹಾಕಬಾರದು. ವಿದ್ಯುತ್ ವಾಲ್ವಾದರೆ, ಮುಚ್ಚಿದ ಸ್ಥಾನ ಯಾವುದೆಂಬುದನ್ನು ಸ್ಕ್ಯಾನರಿನ ಮೂಲಕ ಕಂಪ್ಯೂಟರಿಗೆ ಹೊಸದಾಗಿ ತಿಳಿಸಿಕೊಡಬೇಕಾಗುವುದುಂಟು. ಇದನ್ನು ಮರೆತುದರಿಂದಲೇ ಶುಭ್ರವಾದ ವಾಲ್ವಿನ ಮೇಲೂ ದೀಪ ಮತ್ತೆ ಹೊತ್ತಿಕೊಳ್ಳುತ್ತದೆ. ಅನಂತರ ಗಾಡಿಯನ್ನು ಖಾಲಿಯಾಗಿ ಗ್ಯಾರೇಜಿನ ಮುಂದೆ ಒಂದು ಸುತ್ತು ಹೊಡೆಸಿ ಒಪ್ಪಿಸಿಬಿಡದೆ, ಭಾರದೊಡನೆ ಒಂದು ಏರನ್ನು ಹತ್ತಿಸಿ, ಮರಳಿ ಬಂದು ಸ್ಕ್ಯಾನರು ಹಚ್ಚಿ, ಮಾರನೆಯ ಬೆಳಗ್ಗೆ ಎಂಜಿನ್ನು ತಣ್ಣಗಿರುವಾಗಲೇ ರೇಡಿಯೇಟರಿನ ನೀರಿನ ಮಟ್ಟವನ್ನು ಇನ್ನೊಮ್ಮೆ ನೋಡಬೇಕು.